ನಾಲ್ಕು ಬಿಂದಿಗೆಯ ಕಂಡಕ್ಟರ್

ಮೊನ್ನೆ ಪರೀಕ್ಷೆಯ ವೇಳಾಪಟ್ಟಿಯೊಂದಕ್ಕೆ ಲ್ಯಾಮಿನೇಶನ್ ಮಾಡಿಸಲು ಮದ್ದೂರು ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಯಂತ್ರದ ಎರಡು ಉರುಳೆಗಳ ನಡುವೆ ಕಾಗದ ನುಸುಳಿ ಈಚೆ ಬರುವಾಗ ಬಿಸಿ ಪ್ಲಾಸ್ಟಿಕ್ಕಿನ ಒಂದು ವಾಸನೆ ಏಳುತ್ತದಲ್ಲ, ಇಸ್ತ್ರಿ ಪೆಟ್ಟಿಗೆ ನೈಲಾನ್ ಸೀರೆಗೆ ತಾಗಿದಂಥದ್ದು, ಅದು ಮೂಗಿಗೆ ಬಡಿದ ಕೂಡಲೇ ನನ್ನ ಕೈ ಅಂಗಿಯ ಜೇಬು ಮುಟ್ಟಿಕೊಂಡಿತು. ಕಣ್ಣು ತಾನಾಗಿ ಗಡಿಯಾರದ ಕಡೆ ಹೋಯಿತು. ಮಂಡ್ಯದ ರೈಲು ಎಷ್ಟು ಹೊತ್ತಿಗೆ ಎಂದು ಅಂಗಡಿಯವನನ್ನು ಕೇಳಿಯೂಬಿಟ್ಟೆ. ಈ ಹೊತ್ತಿನಲ್ಲಿ ಯಾವ ರೈಲು ಸಾರ್ ಎಂದು ಅವನು ನನ್ನನ್ನೇ ನೋಡಿದ. ಯಾವ ರೈಲೂ ಇರಲಿಲ್ಲ. ನಾನು ಕಾಯುತ್ತಿದ್ದ ರೈಲು ನಾಲ್ಕು ವರ್ಷದ ಹಿಂದೆಯೇ ಹೋಗಿಯಾಗಿತ್ತು.

ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಮನೆ ಮದ್ದೂರಿನಲ್ಲಿ, ಶಾಲೆ ಮಳವಳ್ಳಿ ರಸ್ತೆಯ ಹಳ್ಳಿಯೊಂದರಲ್ಲಿ. ಡ್ರಾಯಿಂಗ್ ಮೇಷ್ಟ್ರು ಅಂದರೆ ಯಾರು ಬೇಕಾದರೂ ಪೀರಿಯಡ್ ಕಿತ್ತುಕೊಳ್ಳಬಹುದಾದ ಮನುಷ್ಯ. ನನ್ನ ಪೀರಿಯಡ್ಡುಗಳನ್ನು ಅತಿ ಹೆಚ್ಚು ಕಿತ್ತುಕೊಂಡವನು ಲೆಕ್ಕದ ಮೇಷ್ಟ್ರು ರಂಗಸ್ವಾಮಿ, ಆತಗೂರಿನವನು. ಆ ತಪ್ಪಿಗೆ ಪ್ರಾಯಶ್ಚಿತ್ತವೋ ಏನೋ, ಕೊನೆಗೆ ಅವನೇ ನನ್ನ ಹತ್ತಿರದ ಗೆಳೆಯನಾದ. ಇಬ್ಬರಿಗೂ ನಲವತ್ತು ದಾಟಿತ್ತು. ಇಬ್ಬರಿಗೂ ಒಂದು ಚಟವಿತ್ತು, ಕಾರ್ಡಿನ ಆಟ.

ಇಸ್ಪೀಟು ಎಂದುಕೊಳ್ಳಬೇಡಿ. ಹಾಗೆ ಅಂದುಕೊಂಡೇ ನನ್ನ ಅತ್ತೆಯವರು ಮಗಳ ಗತಿಯೇನು ಎಂದು ಒಂದು ತಿಂಗಳು ಕೊರಗಿದ್ದರು. ಇದು ಮಕ್ಕಳು ಪ್ಯಾಕೆಟ್ಟಿನಲ್ಲಿ ಕೊಂಡು, ಒಬ್ಬರಿಗೊಬ್ಬರು ಅದಲುಬದಲು ಮಾಡಿಕೊಂಡು ಆಡುವ ಬಗೆಯದು. ಪ್ರತಿ ಕಾರ್ಡಿನ ಮೇಲೂ ಒಂದು ಚಿತ್ರ, ಅದರ ಬಲ, ಅದರ ತಾಳಿಕೆ, ಅದನ್ನು ಕಣಕ್ಕಿಳಿಸಲು ತೆರಬೇಕಾದ ಬೆಲೆ. ನಾವು ಮೊದಲು ಪೇಟೆಯ ಕಾರ್ಡುಗಳಲ್ಲೇ ಆಡಿದೆವು. ಅದರಲ್ಲಿದ್ದ ಬೆಂಕಿಯುಗುಳುವ ಹಕ್ಕಿಗಳೂ ಕಬ್ಬಿಣದ ರಾಕ್ಷಸರೂ ಸ್ವಲ್ಪ ದಿನಕ್ಕೆ ಬೇಸರ ತರಿಸಿದವು. ಆಮೇಲೆ ನಾವೇ ಮಾಡತೊಡಗಿದೆವು. ಚಿತ್ರ ನನ್ನದು, ಅಂಕಿ ಅವನದು. ಕೋಣ, ಆಲೆಮನೆ, ಕಬ್ಬಿನ ಲಾರಿ, ಹುಣಸೆಮರ, ಹಿಟ್ಟಿನ ಗಿರಣಿ. ನಮ್ಮ ಆಟದಲ್ಲಿ ಬೆಲೆ ತೆರುವುದು ನೀರಿನಲ್ಲಿ. ಮೊದಲ ಸರದಿಗೆ ಆಟಗಾರನ ಕೈಗೆ ಒಂದು ಬಿಂದಿಗೆ ಸಿಗುತ್ತದೆ, ಎರಡನೆಯದಕ್ಕೆ ಎರಡು, ಹೀಗೆ ಏರುತ್ತದೆ. ನಾಲೆಯ ಸೀಮೆಯಲ್ಲಿ ಬೆಲೆ ಅಂದರೆ ನೀರಲ್ಲದೆ ಇನ್ನೇನು ತೋಚೀತು? ಇಬ್ಬರು ಆಟಗಾರರಿಗೂ ಇಪ್ಪತ್ತಿಪ್ಪತ್ತು ಜೀವ. ಕಣಕ್ಕಿಳಿದ ಕಾರ್ಡು ಹೊಡೆದರೆ ತನ್ನ ಬಲದಷ್ಟು ಜೀವ ಕಳೆಯುತ್ತದೆ, ಎದುರಾಳಿಯ ಕಾರ್ಡು ಅಡ್ಡ ಬಂದು ತಡೆದರೆ ಉಳಿಯುತ್ತದೆ. ಯಾರ ಜೀವ ಮೊದಲು ಮುಗಿಯಿತೋ ಅವರು ಸೋತರು. ಇಷ್ಟು ಗೊತ್ತಿದ್ದರೆ ಸಾಕು.

ತಾಯಮ್ಮ ನಮಗೆ ಸಿಕ್ಕಿದ್ದು ಬಸ್ಸಿನಲ್ಲಿ. ಬೆಳಿಗ್ಗೆ ಮದ್ದೂರಿನಿಂದ ಮಳವಳ್ಳಿಗೆ ಹೊರಡುವ ಬಸ್ಸಿಗೆ ಅವಳು ಕಂಡಕ್ಟರು. ಪೂರ್ತಿ ಹೆಸರು ಪುಟ್ಟತಾಯಮ್ಮ, ಹೊಳಲಿನವಳು, ನಮಗಿಂತ ಏಳೆಂಟು ವರ್ಷ ದೊಡ್ಡವಳು. ಏಕವಚನದಲ್ಲಿ ಬರೆಯುತ್ತಿದ್ದೇನೆ, ಎದುರಿಗೆ ಹಾಗೆ ಮಾತಾಡುವ ಧೈರ್ಯ ನನಗೆ ಇಂದಿಗೂ ಇಲ್ಲ. ಅವಳ ಗಂಟಲು ಆ ರಸ್ತೆಗೆಲ್ಲ ಗೊತ್ತು. ಮೆಟ್ಟಿಲ ಮೇಲೆ ನಿಂತು ಅವಳು "ಓಲ್ಡಾನ್" ಅಂದರೆ ಡ್ರೈವರು ನಿಲ್ಲಿಸುವುದಿರಲಿ, ಪಕ್ಕದಲ್ಲಿ ಹೋಗುತ್ತಿದ್ದ ಗಾಡಿಯ ಎತ್ತು ಕೂಡ ನಿಲ್ಲುತ್ತಿತ್ತು ಎಂದು ರಂಗಸ್ವಾಮಿ ಪ್ರಮಾಣ ಮಾಡಿ ಹೇಳುತ್ತಿದ್ದ. ಅವಳು ವಿಷಲ್ ಊದಿದ್ದನ್ನು ನಾನು ಕೇಳಿದ್ದು ಅಪರೂಪ. ಸರಳಿನ ಮೇಲೆ ಬಳೆಯಿಂದ ಒಂದು ಏಟು ಬಾರಿಸಿದರೆ ನಿಲ್ಲು ಎಂದು, ಎರಡು ಬಾರಿಸಿದರೆ ಹೊರಡು ಎಂದು.

ಹಿಂದಿನ ಸೀಟಿನಲ್ಲಿ ಊಟದ ಬ್ಯಾಗನ್ನು ನಡುವೆ ಇಟ್ಟುಕೊಂಡು ನಾವು ಆಡುತ್ತಿದ್ದೆವು. ಒಂದು ದಿನ ಟಿಕೆಟ್ ಕೊಡುತ್ತ ಬಂದವಳು ನನ್ನ ಭುಜದ ಮೇಲಿಂದ ಬಗ್ಗಿ, "ಆ ಕೋಣುನ್ನ ಈಗ್ಲೆ ಬುಡ್‌ಬ್ಯಾಡಿ ಮೇಷ್ಟ್ರೆ. ಅವ್ರು ನೀರೆಲ್ಲ ಕರ್ಚು ಮಾಡ್ಲಿ, ಆಮ್ಯಾಕ್ ಬುಡಿ" ಅಂದಳು. ನಾನು ಹಾಗೇ ಮಾಡಿದೆ, ಗೆದ್ದೆ. ತಿಂಗಳಿಂದ ನಮ್ಮ ಆಟವನ್ನು ನೋಡಿಯೇ ಕಲಿತಿದ್ದಳಂತೆ. ಹೇಗೆ ಎಂದು ರಂಗಸ್ವಾಮಿ ಕೇಳಿದ್ದಕ್ಕೆ, ಬಸ್ಸು ಹತ್ತಿದವರ ಮುಖ ನೋಡಿದರೆ ಅವರ ಹತ್ತಿರ ಚಿಲ್ಲರೆ ಇದೆಯೋ ಇಲ್ಲವೋ ತನಗೆ ತಿಳಿಯುತ್ತದೆ, ನಿಮ್ಮ ಮುಖದಲ್ಲಂತೂ ಕೈಯಲ್ಲಿರುವ ಕಾರ್ಡೆಲ್ಲ ಕಾಣುತ್ತವೆ ಎಂದು ಹೇಳಿ ಮುಂದಕ್ಕೆ ಹೋದಳು.

ಅಂದಿನಿಂದ ಭಾನುವಾರದ ಮಧ್ಯಾಹ್ನಗಳಲ್ಲಿ ನಾವು ಮೂವರು. ರಂಗಸ್ವಾಮಿಯ ಮನೆಯ ಮುಂದಿನ ಹಜಾರವೇ ಕಣ. ತಾಯಮ್ಮ ಗೆಲ್ಲಲಿ ಸೋಲಲಿ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಗಳನ್ನು ಒಬ್ಬಳೇ ಓದಿಸಿದ್ದು, ಒಮ್ಮೆ ಬಸ್ಸಿನಲ್ಲೇ ಹೆರಿಗೆ ಮಾಡಿಸಿದ್ದು, ಚಿಲ್ಲರೆಗಾಗಿ ತಲೆಯ ಮೇಲೆ ಬುಟ್ಟಿ ಇಕ್ಕಿದ ಹೆಂಗಸಿನ ಜತೆ ಆದ ಜಗಳ, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ನನ್ನನ್ನು ಬಣ್ಣದ ಮೇಷ್ಟ್ರು ಎಂದಳು, ಅವನನ್ನು ಲೆಕ್ಕದ ಮೇಷ್ಟ್ರು ಎಂದಳು. ಹತ್ತು ಆಟದಲ್ಲಿ ಆರು ಅವಳೇ ಗೆಲ್ಲುತ್ತಿದ್ದಳು.

ಹೊಸ ಕಾರ್ಡು ಮಾಡುವುದು ಮಾತ್ರ ಸುಲಭದ ಕೆಲಸವಾಗಿರಲಿಲ್ಲ. ನಾನು ಚಿತ್ರ ಬರೆದು, ಇದಕ್ಕೆ ಇಷ್ಟು ಬಲವಿರಲಿ, ಅಷ್ಟು ತಾಳಿಕೆಯಿರಲಿ ಎಂದು ಉದಾರವಾಗಿ ತುಂಬಿಕೊಂಡು ಬರುತ್ತಿದ್ದೆ. ರಂಗಸ್ವಾಮಿ ಅದನ್ನು ಪಕ್ಕಕ್ಕಿಟ್ಟು ಮೂರು ಪ್ರಶ್ನೆ ಕೇಳುತ್ತಿದ್ದ. ಈ ಕಾರ್ಡು ಬಂದಮೇಲೆ ಇದನ್ನು ಬಿಟ್ಟು ಬೇರೇನೂ ಯಾರೂ ಆಡುವುದಿಲ್ಲ ಎಂದಾಗುತ್ತದೆಯೋ? ಹಾಗಾದರೆ ಇದು ಜಾಸ್ತಿಯಾಯಿತು. ಇದನ್ನು ಯಾರೂ ಮುಟ್ಟುವುದೇ ಇಲ್ಲವೋ? ಹಾಗಾದರೆ ಕಮ್ಮಿಯಾಯಿತು. ಕೊನೆಯದನ್ನು ಅವನು ಬೆರಳೆತ್ತಿ ಕೇಳುತ್ತಿದ್ದ: ಎದುರು ಕೂತವನಿಗೆ ಒಂದು ದಾರಿ ಐತಾ? ಆಮೇಲೆ ಹತ್ತಾರು ಆಟ ಆಡಿಸಿ, ಗೆಲುವು ಸೋಲುಗಳನ್ನು ನೋಟ್‌ಬುಕ್ಕಿನಲ್ಲಿ ಗೀಟೆಳೆದು ಬರೆದು, ಅಂಕಿ ತಿದ್ದಿ, ಮತ್ತೆ ಆಡಿಸುತ್ತಿದ್ದ. ನನ್ನ ಹುಣಸೆಮರ ಒಂದೂವರೆ ತಿಂಗಳು ಅವನ ಕೈಯಲ್ಲಿ ನರಳಿತು.

ಆ ವರ್ಷ ಯುಗಾದಿ ಕಳೆದ ಮೇಲೆ ತಾಯಮ್ಮನ ದನಿ ಒಡೆಯಿತು. ಕೂಗಿ ಕೂಗಿ ಹಾಗಾಗಿದೆ ಎಂದು ಅವಳೇ ಹೇಳಿದಳು. ಬಿಸಿನೀರು, ಕಾಳುಮೆಣಸು, ಜೇನು ಎಲ್ಲ ಆಯಿತು. ಎರಡು ತಿಂಗಳಾದರೂ ಸರಿಹೋಗಲಿಲ್ಲ. ಒಂದು ಬೆಳಿಗ್ಗೆ ಅವಳು "ಓಲ್ಡಾನ್" ಅಂದದ್ದು ಡ್ರೈವರಿಗೆ ಕೇಳಲಿಲ್ಲ. ಇಳಿಯಬೇಕಾದ ಮುದುಕಿಯೊಬ್ಬಳು ಒಂದು ಫರ್ಲಾಂಗು ಮುಂದೆ ಇಳಿದು, ಬೈದುಕೊಂಡು ಹಿಂದಕ್ಕೆ ನಡೆದಳು. ತಾಯಮ್ಮ ಸರಳು ಹಿಡಿದು ಸುಮ್ಮನೆ ನಿಂತಿದ್ದಳು. ತಿರುಗಿ ಬೈಯಲಿಲ್ಲ. ಅವಳು ತಿರುಗಿ ಬೈಯದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಹೆದರಿಕೆಯಾದದ್ದು ಆಗಲೇ.

ಮಗಳು ಸವಿತಾ ಅವಳನ್ನು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಂಟಲಿನ ಒಳಗೆ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು, ದನಿಯ ಪೊರೆಯ ಮೇಲೆ ಒಂದು ಬೆಳವಣಿಗೆ ಇದೆ, ಆಪರೇಷನ್ ಮಾಡಿ ತೆಗೆದು ಪರೀಕ್ಷೆಗೆ ಕಳಿಸಬೇಕು, ಅದು ಏನೆಂದು ಆಮೇಲೆಯೇ ಹೇಳಲು ಸಾಧ್ಯ ಎಂದರಂತೆ. ಆಪರೇಷನ್ನಿಗೆ ಮೊದಲು ಅವಳಿಗಿದ್ದ ಸಕ್ಕರೆ ಕಾಯಿಲೆ ಹತೋಟಿಗೆ ಬರಲು ಐದಾರು ವಾರ ಬೇಕಿತ್ತು. ಅಲ್ಲಿಯವರೆಗೆ ಒಂದು ಮಾತೂ ಆಡಕೂಡದು, ಪಿಸುಮಾತು ಕೂಡ. ಅವಳು ಕೆಲಸಕ್ಕೆ ರಜೆ ಹಾಕಿದಳು.

ಮುಂದಿನ ಭಾನುವಾರ ತಾಯಮ್ಮ ಒಂದು ಪುಟ್ಟ ನೋಟ್‌ಬುಕ್ಕು, ಪೆನ್ನು ಹಿಡಿದು ಬಂದಳು. ಅವಳ ಮಾತು ಒಂದು ಕನ್ನಡವಾದರೆ ಬರಹ ಇನ್ನೊಂದು ಕನ್ನಡ ಎಂದು ನಮಗೆ ಆವತ್ತು ಗೊತ್ತಾಯಿತು. ಬಾಯಲ್ಲಿ ಹೊಳಲು, ಕೈಯಲ್ಲಿ ಇಲಾಖೆ. "ನನಗೆ ಸಕ್ಕರೆರಹಿತ ಚಹಾ ನೀಡಿರಿ" ಎಂದು ಬರೆದು ತೋರಿಸಿದಳು. ಬೇರೆ ದಿನವಾಗಿದ್ದರೆ ನಾವು ನಗುತ್ತಿದ್ದೆವು. ಆ ಹಜಾರದಲ್ಲಿ ಅವತ್ತು ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಅವಳು ಎಲ್ಲ ಆಟವನ್ನೂ ಸೋತಳು. ಇಳಿಸಿದ ಕಾರ್ಡನ್ನೇ ಮತ್ತೆ ಕೈಗೆತ್ತಿಕೊಳ್ಳುತ್ತಿದ್ದಳು.

ಆ ವಾರವೇ ನಾನು ಕಂಡಕ್ಟರ್ ಕಾರ್ಡು ಬರೆದೆ. ಖಾಕಿ ಕೋಟು, ಭುಜಕ್ಕೆ ಚರ್ಮದ ಚೀಲ, ಮೆಟ್ಟಿಲ ಮೇಲೆ ಒಂದು ಕಾಲು, ತೆರೆದ ಬಾಯಿ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಇನ್ನೊಂದು ಚಿತ್ರ ನಾನು ಬರೆದಿಲ್ಲ, ಹಾಗೆನ್ನಲು ಸಂಕೋಚವೇನೂ ಇಲ್ಲ. ಅಂಕಿಗಳನ್ನೂ ನಾನೇ ತುಂಬಿದೆ. ಬೆಲೆ ಎರಡೇ ಬಿಂದಿಗೆ. ಬಲ ಮೂರು, ತಾಳಿಕೆ ಐದು. ಕಣಕ್ಕಿಳಿದವಳು ವಿಷಲ್ ಊದಿದರೆ ಎದುರಾಳಿಯ ಎಲ್ಲ ಕಾರ್ಡುಗಳೂ ಒಂದು ಸರದಿ ನಿಲ್ಲಬೇಕು. ಸಾಲದೆಂದು, ಅವಳು ಕಣದಲ್ಲಿ ಇರುವಷ್ಟು ಹೊತ್ತು ಪ್ರತಿ ಸರದಿಗೂ ಒಂದು ಕಾರ್ಡು ಹೆಚ್ಚಿಗೆ.

ರಂಗಸ್ವಾಮಿ ಸ್ಟಾಫ್ ರೂಮಿನಲ್ಲಿ ಅದನ್ನು ನೋಡಿ ಕನ್ನಡಕ ತೆಗೆದಿಟ್ಟ. "ಇದ್ ಕಾರ್ಡಲ್ಲ ಕಣ್ಲಾ, ಮಂಗಳಾರತಿ ತಟ್ಟೆ" ಅಂದ. ಆರು ಬಿಂದಿಗೆಗೆ ಕಮ್ಮಿಯಿಲ್ಲದ ಕಾರ್ಡು ಇದು ಎಂದ. ನಾನು ವಾದಿಸಿದೆ. ಅವಳು ಹೆದರಿದ್ದಾಳೆ, ಇಳಿಸಿದ ಕಾರ್ಡನ್ನೇ ಮತ್ತೆ ಎತ್ತಿಕೊಳ್ಳುವುದನ್ನು ನೀನೂ ನೋಡಿದೆ, ಆಪರೇಷನ್ನಿನವರೆಗೆ ನಾಲ್ಕು ಆಟ ಗೆದ್ದುಕೊಂಡಿರಲಿ, ಯಾರ ಗಂಟೇನು ಹೋಗುತ್ತದೆ ಎಂದೆ. ಅವನು ಕನ್ನಡಕ ಒರೆಸಿ ಹಾಕಿಕೊಂಡ. ಆಮೇಲೆ ಹೂಂ ಅಂದ. ಲೆಕ್ಕದಲ್ಲಿ ಯಾರಿಗೂ ಅರ್ಧ ಅಂಕವನ್ನು ಬಿಟ್ಟುಕೊಡದ ಮನುಷ್ಯ ನನ್ನ ಮಾತಿಗೆ ಅದನ್ನು ಒಪ್ಪಿದ. ಹತ್ತು ಸಲ ಆಡಿಸಿ ನೋಡಿದೆವು ಎಂದು ಅವಳಿಗೆ ಸುಳ್ಳು ಹೇಳಿದವನು ನಾನು.

ನಾಲ್ಕು ಭಾನುವಾರ ತಾಯಮ್ಮ ಗೆದ್ದಳು. ಮೊದಲ ವಾರ ಅವಳ ಮುಖ ಅರಳಿತು, ಅದು ನಿಜ. ಕಾರ್ಡನ್ನು ಬೆಳಕಿಗೆ ಹಿಡಿದು ತನ್ನ ಚಿತ್ರವನ್ನೇ ನೋಡುತ್ತಿದ್ದಳು. ಎರಡನೆಯ ವಾರ ಬೇಗ ಗೆದ್ದಳು. ಮೂರನೆಯ ವಾರ ಗೆದ್ದಮೇಲೆ ನನ್ನ ಮುಖ, ರಂಗಸ್ವಾಮಿಯ ಮುಖ, ಒಂದೊಂದನ್ನೂ ನಿಧಾನಕ್ಕೆ ನೋಡಿದಳು. ಚಿಲ್ಲರೆ ಇದೆಯೋ ಇಲ್ಲವೋ ಎಂದು ನೋಡುವ ನೋಟ. ನಾನು ಟೀ ತರುತ್ತೇನೆ ಎಂದು ಎದ್ದು ಒಳಗೆ ಹೋದೆ. ನಾಲ್ಕನೆಯ ವಾರ ಗೆದ್ದು, ಕಾರ್ಡುಗಳನ್ನು ಜೋಡಿಸಿಟ್ಟು, ಏನೂ ಬರೆಯದೆ ಹೊರಟುಹೋದಳು. ಅವಳಿಗೆ ಅನುಮಾನ ಬಂದಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದೇ ಭಾನುವಾರ, ಅದಾದ ಗುರುವಾರ ಆಪರೇಷನ್ ಎಂದು ದಿನ ಎಣಿಸಿದೆ.

ಆ ಇನ್ನೊಂದೇ ಭಾನುವಾರ ಅವಳು ಬಂದವಳೇ ತನ್ನ ಕಾರ್ಡುಗಳ ಕಟ್ಟನ್ನು ನನ್ನ ಮುಂದೆ ಇಟ್ಟಳು. ನನ್ನ ಕಟ್ಟನ್ನು ತಾನು ಎತ್ತಿಕೊಂಡಳು. ಆಡಿ ಎಂದು ಕೈಸನ್ನೆ ಮಾಡಿದಳು. ನಾನು ರಂಗಸ್ವಾಮಿಯನ್ನು ನೋಡಿದೆ, ಅವನು ಕಿಟಕಿಯನ್ನು ನೋಡುತ್ತಿದ್ದ. ಎರಡನೆಯ ಸರದಿಗೇ ಕಂಡಕ್ಟರ್ ನನ್ನ ಕೈಗೆ ಬಂದಳು. ಆಡದೆ ಬಚ್ಚಿಟ್ಟುಕೊಳ್ಳೋಣ ಎಂದುಕೊಂಡೆ, ನನ್ನ ಮುಖ ಅವಳಿಗೆ ಮೊದಲೇ ಹೇಳಿಬಿಟ್ಟಿತು. ಬೆರಳಿನಿಂದ ನೆಲ ತಟ್ಟಿದಳು, ಇಳಿಸು ಎಂದು. ಇಳಿಸಿದೆ. ಅವಳು ತನಗೆ ಗೊತ್ತಿದ್ದ ಎಲ್ಲ ಉಪಾಯಗಳನ್ನೂ ಮಾಡಿದಳು. ಅಷ್ಟು ಚೆನ್ನಾಗಿ ಯಾರೂ ಆಡಲಾರರು. ಆದರೂ ಆರನೆಯ ಸರದಿಗೆ ಅವಳ ಜೀವ ಮುಗಿಯಿತು. ನಾನು ಆಡಿದ್ದು ಕತ್ತೆಯ ಹಾಗೆ, ಗೆದ್ದದ್ದು ಮಾತ್ರ ನಾನು.

ಅವಳು ನೋಟ್‌ಬುಕ್ಕು ತೆರೆದು ಬರೆದಳು: "ಎಷ್ಟು ವಾರಗಳಿಂದ?"

ನಾನು ಕಾರ್ಡುಗಳನ್ನು ಜೋಡಿಸತೊಡಗಿದೆ. ಅವಳು ಪುಟ ತಿರುವಿ ಮತ್ತೆ ಬರೆದಳು. ಪೆನ್ನು ಕಾಗದವನ್ನು ಒತ್ತುವ ಸದ್ದು ಕೇಳುತ್ತಿತ್ತು.

"ನಾನು ಉಳಿಯುವುದಿಲ್ಲವೆಂದು ವೈದ್ಯರು ಹೇಳಿಲ್ಲ. ನೀವಿಬ್ಬರು ಯಾವಾಗ ತೀರ್ಮಾನಿಸಿದಿರಿ?"

ಅವಳು ಬಾಯಿಬಿಟ್ಟು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಲೇ ಮೇಷ್ಟ್ರೆ, ನಿನ್ನ ಮಕಕ್ಕಿಷ್ಟು ಎಂದು ಶುರುಮಾಡಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆ. ಆ ಇಲಾಖೆಯ ಕನ್ನಡಕ್ಕೆ ಹಿಡಿದುಕೊಳ್ಳಲು ಕಾಲೇ ಇರಲಿಲ್ಲ. ತಾಯಮ್ಮ ಕಂಡಕ್ಟರ್ ಕಾರ್ಡನ್ನು ಎತ್ತಿ, ಮುಖ ಕೆಳಗೆ ಮಾಡಿ, ನನ್ನ ಮುಂದೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು.

ಅವತ್ತು ಸಂಜೆ ಮೂರು ಸಲ ಮೆಸೇಜು ಕಳಿಸಿದೆ. ನೋಡಿದಳು, ಉತ್ತರಿಸಲಿಲ್ಲ. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಅವಳ ರಜೆಗೆ ಬಂದಿದ್ದ ಹೊಸ ಕಂಡಕ್ಟರನೇ ಇದ್ದ. ರಂಗಸ್ವಾಮಿ ಹಿಂದಿನ ಸೀಟಿನಲ್ಲಿ ಬ್ಯಾಗನ್ನು ನಡುವೆ ಇಟ್ಟು ಕಾರ್ಡು ಹಂಚಿದ. ಏನು ಎಂದೆ. ಸರಿ ಮಾಡೋಣ ಎಂದ. ಬುಧವಾರ ಅವಳನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ, ಗುರುವಾರ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋಗುತ್ತಾರೆ. ನಮಗಿದ್ದದ್ದು ಮೂರು ದಿನ. ಅಲ್ಲಿಂದ ಅವಳು ಹೇಗೆ ಹೊರಗೆ ಬರುತ್ತಾಳೋ ನಮಗೆ ಗೊತ್ತಿರಲಿಲ್ಲ. ಈ ಸುಳ್ಳಿನ ಕಾರ್ಡನ್ನು ನಡುವೆ ಇಟ್ಟುಕೊಂಡು ಅವಳನ್ನು ಒಳಗೆ ಕಳಿಸುವುದು ಇಬ್ಬರಿಗೂ ಆಗದ ಮಾತಾಗಿತ್ತು.

ಮೊದಲು ಬೆಲೆಯನ್ನು ಆರಕ್ಕೆ ಏರಿಸಿದೆವು. ಕಂಡಕ್ಟರ್ ಕೈಯಲ್ಲೇ ಉಳಿದಳು, ಅವಳು ಕಣಕ್ಕೆ ಬರುವ ಹೊತ್ತಿಗೆ ಆಟವೇ ಮುಗಿಯುತ್ತಿತ್ತು. ಹೆಚ್ಚಿಗೆ ಕಾರ್ಡು ಕೊಡುವುದನ್ನು ತೆಗೆದು ಐದು ಮಾಡಿದೆವು, ಇನ್ನೂ ಭಾರ. ವಿಷಲ್ಲಿಗೆ ಎಲ್ಲ ಕಾರ್ಡುಗಳ ಬದಲು ಒಂದೇ ಕಾರ್ಡು ನಿಲ್ಲಲಿ ಎಂದು ಮೂರು ಮಾಡಿದೆವು, ಇಪ್ಪತ್ತು ಆಟದಲ್ಲಿ ಹದಿಮೂರನ್ನು ಕಂಡಕ್ಟರ್ ಇದ್ದ ಕಡೆಯೇ ಗೆದ್ದಿತು. ಮಂಗಳವಾರ ಮಧ್ಯಾಹ್ನ, ಊಟದ ಡಬ್ಬಿ ತೆರೆಯದೆ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತಿದ್ದಾಗ ನಾನು ಅಂದೆ, ಹದಿಮೂರು ಪರವಾಗಿಲ್ಲ, ಅಷ್ಟಿರಲಿ ಬಿಡು ಎಂದು. ನೋಡಿ, ಅಷ್ಟೆಲ್ಲ ಆದಮೇಲೂ ನನ್ನ ಬುದ್ಧಿ.

ರಂಗಸ್ವಾಮಿ ಪೆನ್ಸಿಲ್ ಕೆಳಗಿಟ್ಟ. "ಎಲ್ರೂ ಸೇರಿ ಅವುಳ್ನ ಆಗ್ಲೇ ಮಂಚದ ಮ್ಯಾಲ್ ಮಲಗ್ಸವ್ರೆ. ನಾವಾದ್ರೂ ಎದ್ದು ಕೂತಿರೋಳ್ ಜೊತೆ ಆಡ್ಬೇಕು ಕಣ್ಲಾ" ಅಂದ. ಅಷ್ಟು ಉದ್ದದ ಮಾತನ್ನು ಅವನು ಲೆಕ್ಕದ ಹೊರಗೆ ಆಡಿದ್ದು ನಾನು ಕೇಳಿರಲಿಲ್ಲ.

ದಾರಿ ಸಿಕ್ಕಿದ್ದು ಬುಧವಾರ ಬೆಳಿಗ್ಗೆ, ಬಸ್ಸಿನಲ್ಲೇ. ಹೊಸ ಕಂಡಕ್ಟರು ವಿಷಲ್ ಊದಿದ, ಬಸ್ಸು ನಿಂತಿತು, ಹತ್ತಿ ಇಳಿಯುವವರು ಮುಗಿಯುವತನಕ ಅವನು ಬಾಗಿಲ ಬಳಿ ಕದಲದೆ ನಿಂತಿದ್ದ. ನಾನು ಅದನ್ನೇ ನೋಡುತ್ತಿದ್ದೆ. ಬಸ್ಸು ನಿಲ್ಲಿಸಿದವನು ಆ ಹೊತ್ತಿನಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಲಾರ. ವಿಷಲ್ ಊದಿದ ಮೇಲೆ ಮುಂದಿನ ತನ್ನ ಸರದಿಯವರೆಗೆ ನಮ್ಮ ಕಾರ್ಡಿನ ಕಂಡಕ್ಟರೂ ನಿಲ್ಲಬೇಕು ಎಂದು ನಾನು ಹೇಳಿದೆ, ಆಗ ಹೊಡೆಯುವುದೂ ಇಲ್ಲ, ತಡೆಯುವುದೂ ಇಲ್ಲ. ರಂಗಸ್ವಾಮಿ ಪೆನ್ಸಿಲ್ ತೆಗೆದು, ನಿಂತ ಕಾರ್ಡಿನ ಒಡೆಯ ಒಂದು ಬಿಂದಿಗೆ ನೀರು ಕೊಟ್ಟರೆ ಅದು ಮತ್ತೆ ಹೊರಡಲಿ, ಎದುರು ಕೂತವನಿಗೆ ಅದೇ ದಾರಿ ಎಂದ. ಬಲ ಎರಡು, ತಾಳಿಕೆ ನಾಲ್ಕು, ಬೆಲೆ ನಾಲ್ಕು ಬಿಂದಿಗೆ. ಊಟದ ಬಿಡುವಿನಲ್ಲೂ ಖಾಲಿ ಪೀರಿಯಡ್ಡುಗಳಲ್ಲೂ ಇಪ್ಪತ್ತು ಆಟ ಆಡಿದೆವು. ಕಂಡಕ್ಟರ್ ಇದ್ದ ಕಡೆ ಗೆದ್ದದ್ದು ಹನ್ನೊಂದು, ಸೋತದ್ದು ಒಂಬತ್ತು. ಅವತ್ತು ಮೊದಲ ಬಾರಿಗೆ ಅವನು ತನ್ನ ಪೀರಿಯಡ್ಡನ್ನು ನನಗೆ ಬಿಟ್ಟುಕೊಟ್ಟ, ಅಂಕಿಗಳನ್ನು ಅಂದವಾಗಿ ಬರೆಯಲು.

ಶಾಲೆ ಬಿಟ್ಟು ಮದ್ದೂರಿಗೆ ಬಂದು ಆ ಜೆರಾಕ್ಸ್ ಅಂಗಡಿಗೆ ಓಡಿದೆವು. ಲ್ಯಾಮಿನೇಶನ್ ಯಂತ್ರ ಕಾಯಲು ಹತ್ತು ನಿಮಿಷ ತೆಗೆದುಕೊಂಡಿತು, ಆ ಹತ್ತು ನಿಮಿಷವೂ ರಂಗಸ್ವಾಮಿ ಬೀದಿಯಲ್ಲಿ ನಿಂತು ರೈಲು ನಿಲ್ದಾಣದ ದಿಕ್ಕಿಗೆ ಕಿವಿಕೊಟ್ಟಿದ್ದ. ಇನ್ನೂ ಬಿಸಿಯಿದ್ದ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಿದೆವು. ವಾರ್ಡಿಗೆ ಹೊರಗಿನವರನ್ನು ಬಿಡುವುದು ಆರೂವರೆವರೆಗೆ. ಬೇಕಾದಷ್ಟು ಸಮಯವಿತ್ತು. ಹನಕೆರೆಯಲ್ಲಿ ರೈಲು ನಿಂತಿತು. ನಿಂತದ್ದು ಹೊರಡಲಿಲ್ಲ. ಇನ್ನೊಂದು ಗಾಡಿ ದಾಟಿಹೋಗಬೇಕು ಎಂದು ಯಾರೋ ಹೇಳಿದರು. ಐದೂವರೆಯಾಯಿತು, ಐದೂಮುಕ್ಕಾಲಾಯಿತು. ರಂಗಸ್ವಾಮಿ ಪ್ಲಾಟ್‌ಫಾರ್ಮಿಗಿಳಿದು ಸಿಗ್ನಲ್ಲನ್ನು ದಿಟ್ಟಿಸುತ್ತ ಅಡ್ಡಾಡಿದ. ನಾನು ಜೇಬು ಮುಟ್ಟಿಕೊಳ್ಳುತ್ತ ಕೂತೆ. ಇಷ್ಟು ದೂರ ಹೊತ್ತು ತಂದು ಅವಳ ಮುಂದೆ ಏನೆಂದು ಹೇಳುವುದು? ನಿನ್ನನ್ನು ಕಮ್ಮಿ ಮಾಡಿಕೊಂಡು ಬಂದಿದ್ದೇವೆ ತಾಯಮ್ಮ, ಎಂದೆ? ನಾಳೆ ಗಂಟಲಿಗೆ ಕತ್ತಿ ಬೀಳುವವಳ ಮುಂದೆ?

ಅಂತೂ ರೈಲು ಹೊರಟು, ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಆರೂಕಾಲು. ವಾರ್ಡಿನ ಬಾಗಿಲಲ್ಲಿ ಸವಿತಾ ನಿಂತಿದ್ದಳು. ಅಮ್ಮ ಯಾರನ್ನೂ ನೋಡುವುದಿಲ್ಲವಂತೆ, ನಿಮ್ಮಿಬ್ಬರನ್ನಂತೂ ಬೇಡ ಎಂದು ಬರೆದಿದ್ದಾರೆ ಎಂದು ತಲೆ ತಗ್ಗಿಸಿ ಹೇಳಿದಳು. ನಾನು ಕಾರ್ಡನ್ನು ಅವಳ ಕೈಗೆ ಕೊಟ್ಟು, ಇದನ್ನು ತೋರಿಸು, ಬೇಡವೆಂದರೆ ಹೋಗುತ್ತೇವೆ ಎಂದೆ. ಅವಳು ಒಳಗೆ ಹೋದಳು. ಬಾಗಿಲ ಗಾಜಿನಿಂದ ನೋಡಿದೆ. ತಾಯಮ್ಮ ಆಸ್ಪತ್ರೆಯ ಹಸಿರು ಗೌನಿನಲ್ಲಿ ಹಾಸಿಗೆಯ ಮೇಲೆ ಕೂತಿದ್ದಳು, ತೀರಾ ಚಿಕ್ಕವಳಾಗಿ ಕಂಡಳು. ಕಾರ್ಡನ್ನು ತಗೊಂಡು ಮೊದಲು ಚಿತ್ರವನ್ನಲ್ಲ, ಬೆಲೆ ಬರೆದ ಮೂಲೆಯನ್ನು ನೋಡಿದಳು. ಆಮೇಲೆ ಕೆಳಗಿನ ಸಾಲುಗಳನ್ನು ಎರಡು ಸಲ ಓದಿದಳು. ಅವಳ ತುಟಿ ಅಲುಗುತ್ತಿತ್ತು, ಲೆಕ್ಕ ಹಾಕುತ್ತಿದ್ದಳು. ತಲೆಯೆತ್ತಿ ಗಾಜಿನ ಈಚೆಗಿದ್ದ ನನ್ನನ್ನು ನೋಡಿ, ಬರಹೇಳು ಎಂದು ಕೈಮಾಡಿದಳು.

ಹತ್ತು ಬೆರಳು ತೋರಿಸಿದಳು, ಹತ್ತತ್ತೇ ಜೀವದ ಆಟ, ಹೊತ್ತಿಲ್ಲ ಎಂದು. ಹೊದಿಕೆಯನ್ನು ಸವರಿ ಸಮ ಮಾಡಿ ನಮ್ಮ ಬ್ಯಾಗಿನಲ್ಲಿದ್ದ ಕಾರ್ಡು ಹಂಚಿದೆವು. ರಂಗಸ್ವಾಮಿ ಅತ್ತ ಕಡೆ ನರ್ಸಿನ ಹತ್ತಿರ ಹೋಗಿ ಏನೋ ಬೇಡಿಕೊಳ್ಳುತ್ತಿದ್ದ. ಅವಳು ನನ್ನ ಕಣ್ಣು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ನನ್ನ ಮುಖ ಎಲ್ಲವನ್ನೂ ಹೇಳುತ್ತದೆ ಎಂದು ಗೊತ್ತಿದ್ದುದರಿಂದ ನನಗಿದ್ದ ದಾರಿ ಒಂದೇ, ನಿಜವಾಗಿಯೂ ಗೆಲ್ಲಲು ಆಡುವುದು. ಆಡಿದೆ. ನಾಲ್ಕನೆಯ ಸರದಿಗೆ ಅವಳು ಕಂಡಕ್ಟರನ್ನು ಇಳಿಸಿದಳು, ಐದನೆಯದರಲ್ಲಿ ವಿಷಲ್ ಊದಿ ನನ್ನ ಕೋಣವನ್ನು ನಿಲ್ಲಿಸಿದಳು. ಅವಳ ಜೀವ ಮೂರು ಉಳಿದಿತ್ತು. ನನ್ನದು ಎರಡೇ. ನಾನು ನೀರನ್ನೆಲ್ಲ ಹೊಸ ಕಾರ್ಡಿಗೆ ಸುರಿಯುತ್ತೇನೆ, ಮುಂದಿನ ಸರದಿಗೆ ಮುಗಿಸಬಹುದು ಎಂದು ಅವಳ ಎಣಿಕೆ. ಆದರೆ ಒಂದು ಬಿಂದಿಗೆ ಕೊಟ್ಟರೆ ಕೋಣ ಹೊರಡುತ್ತದೆ. ಕೋಣದ ಬಲ ಮೂರು. ವಿಷಲ್ ಊದಿದ ಕಂಡಕ್ಟರ್ ಅದನ್ನು ತಡೆಯುವ ಹಾಗಿಲ್ಲ.

ನನಗೆ ಅದು ಕಂಡಿತು. ಕಂಡದ್ದು ಅವಳಿಗೂ ಕಂಡಿತು. ನನ್ನ ಕೈ ಕೋಣದ ಮೇಲೆ ಹೋಗಿ ನಿಂತುಬಿಟ್ಟಿತು. ಪಕ್ಕದ ಮೇಜಿನ ಮೇಲೆ ಬೆಳಿಗ್ಗೆ ಹಾಕಿಕೊಳ್ಳಬೇಕಾದ ಟೋಪಿ, ಅವಳ ಹೆಸರು ಬರೆದ ಫೈಲು. ನಾಳೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಇವತ್ತು, ಇದೊಂದು ಆಟ, ನಾನು ಮರೆತವನಂತೆ ಕಬ್ಬಿನ ಲಾರಿ ಇಳಿಸಿದರೆ ಆಗಿಹೋಯಿತು. ಬೆರಳು ಲಾರಿಯ ಕಡೆ ಸರಿಯಿತು. ಮಂಚದ ಸರಳಿನ ಮೇಲೆ ಬಳೆಯ ಸದ್ದು ಕೇಳಿಸಿತು. ಎರಡು ಏಟು.

ನಾನು ಒಂದು ಬಿಂದಿಗೆ ನೀರು ಪಕ್ಕಕ್ಕಿಟ್ಟು ಕೋಣವನ್ನು ಬಿಟ್ಟೆ. ತಾಯಮ್ಮ ಸೋತಳು.

ಅವಳು ನಕ್ಕಳು. ಸದ್ದು ಮಾಡುವ ಹಾಗಿಲ್ಲವಲ್ಲ, ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು. ನೋಟ್‌ಬುಕ್ಕು ಎಳೆದುಕೊಂಡು ಬರೆದಳು. ಇಲಾಖೆಯ ಕನ್ನಡವಲ್ಲ, ಹೊಳಲಿನ ಕನ್ನಡ: "ಈಗ್ ಸರೋಯ್ತು ಕಣ್ ಬುಡಿ ಮೇಷ್ಟ್ರೆ. ಕ್ವಾಣ ಐತೆ ಅಂತ ನಾನೇ ಮರ್ತಿದ್ದೆ." ನರ್ಸು ಬಂದು ಸಮಯವಾಯಿತು ಎಂದಳು. ಕಾರ್ಡುಗಳನ್ನು ನಾವು ಜೋಡಿಸುವಾಗ ಕಂಡಕ್ಟರನ್ನು ಮಾತ್ರ ಅವಳು ತನ್ನ ದಿಂಬಿನ ಕೆಳಗೆ ತಳ್ಳಿದಳು.

ಗುರುವಾರ ನಾನು ಯಾವ ತರಗತಿಯಲ್ಲಿ ಏನು ಬರೆಯಿಸಿದೆನೋ ನೆನಪಿಲ್ಲ. ಮಧ್ಯಾಹ್ನ ಸವಿತಾ ಫೋನು ಮಾಡಿ ಆಪರೇಷನ್ ಸರಿಯಾಗಿ ಆಯಿತು ಎಂದಳು. ಪರೀಕ್ಷೆಯ ಫಲಿತಾಂಶ ಹನ್ನೆರಡು ದಿನಕ್ಕೆ ಬಂತು. ನಾವು ಹೆದರಿದ್ದ ಕಾಯಿಲೆಯೇ. ಆದರೆ ಮೊದಲ ಹಂತ. ಮೈಸೂರಿಗೆ ಹೋಗಿ ಬರುತ್ತ ಆರು ವಾರ ವಿಕಿರಣ ಚಿಕಿತ್ಸೆ ತಗೊಂಡಳು. ಕತ್ತಿನ ಚರ್ಮ ಸುಟ್ಟು ಕಪ್ಪಾಯಿತು, ಗಂಜಿ ನುಂಗಲೂ ಕಷ್ಟಪಟ್ಟಳು. ಭಾನುವಾರ ಮಾತ್ರ ಬಂದಳು. ನಾವು ಅವಳನ್ನು ಸೋಲಿಸಿದೆವು, ಅವಳು ನಮ್ಮನ್ನು ಸೋಲಿಸಿದಳು. ಒಂದು ಭಾನುವಾರ ಬರಲಾಗಲಿಲ್ಲ, ನಾವೇ ಅವಳ ಮನೆಗೆ ಹೋಗಿ ಎರಡಕ್ಕೆ ಎರಡನ್ನೂ ಗೆದ್ದು ಬಂದೆವು. ಬಾಗಿಲವರೆಗೆ ಬಂದು ನಮ್ಮನ್ನು ಕಳಿಸಿದ ಸವಿತಾ, ಅಮ್ಮ ಇವತ್ತು ಊಟ ಮಾಡುತ್ತಾರೆ, ಸಿಟ್ಟು ಬಂದಿದೆ ಎಂದಳು.

ದನಿ ಬಂತು, ಹಳೆಯದಲ್ಲ. ಒಣಗಿದ ಎಲೆಯನ್ನು ಬೆರಳಲ್ಲಿ ಪುಡಿಮಾಡಿದಂಥ ದನಿ. ಬಸ್ಸಿಗೆ ಅದು ಸಾಲದು ಎಂದು ಅವಳಿಗೆ ಡಿಪೋ ಒಳಗೆ ಟಿಕೆಟ್ ಯಂತ್ರಗಳನ್ನು ಕೊಟ್ಟು ತಗೊಳ್ಳುವ ಕೆಲಸ ಕೊಟ್ಟರು. ಅದಕ್ಕೆ ಅವಳು ಅತ್ತಳು. ಕಾಯಿಲೆಗೆ ಅಳದವಳು ಅದಕ್ಕೆ ಅತ್ತದ್ದನ್ನು ನಾವು ನೋಡಿದೆವು. ಸಮಾಧಾನ ಹೇಳಲು ನಾನು ಬಾಯಿ ತೆರೆದೆ, ರಂಗಸ್ವಾಮಿ ನನ್ನ ಮೊಣಕಾಲನ್ನು ಹಿಡಿದು ಒತ್ತಿದ.

ಮೊನ್ನೆಯ ಭಾನುವಾರ ತಾಯಮ್ಮ ಮೊದಲ ಬಾರಿಗೆ ತಾನೇ ಒಂದು ಕಾರ್ಡು ಮಾಡಿಕೊಂಡು ಬಂದಿದ್ದಳು. ಸವಿತಾಳ ಮಗಳಿಗೆ ಈಗ ಏಳು ತಿಂಗಳು. ಕಾರ್ಡಿನಲ್ಲಿ ಆ ಮಗು, ಪೆನ್ನಿನಲ್ಲಿ ಬರೆದ ಒಂದು ದುಂಡು ಮುಖ. ಬೆಲೆ ಸೊನ್ನೆ ಬಿಂದಿಗೆ. ನಕ್ಕರೆ ಎದುರಾಳಿಯ ಎಲ್ಲ ಕಾರ್ಡುಗಳೂ ಅವಳ ಕಡೆಗೆ ಬಂದುಬಿಡಬೇಕು. ಅತ್ತರೆ ಆಟ ಮುಗಿದು ಅಜ್ಜಿ ಗೆದ್ದಂತೆ. ತಾಯಮ್ಮ ಅದನ್ನು ನಮ್ಮ ಮುಂದೆ ಇಟ್ಟು, ಕೈಕಟ್ಟಿ, ನಮ್ಮಿಬ್ಬರ ಮುಖವನ್ನು ಕಣ್ಣರಳಿಸಿ ನೋಡಿದಳು. ತಮಾಷೆಗೆ ಮಾಡಿದ್ದಲ್ಲ, ವಾರವೆಲ್ಲ ಕೂತು ಬರೆದದ್ದು. ರಂಗಸ್ವಾಮಿ ಕಿಟಕಿಯ ಕಡೆ ತಿರುಗಿದ.

ಒಂದು ಕಾಲದಲ್ಲಿ ನಾನು ಆಹಾ ಎನ್ನುತ್ತಿದ್ದೆ. ಗಂಟಲಿಗೆ ಬಂದದ್ದೂ ಅದೇ. ನುಂಗಿಕೊಂಡೆ. "ತಾಯಮ್ಮ, ಇದು ನಡಿಯಲ್ಲ" ಅಂದೆ. "ಮಗು ಚೆನ್ನಾಗಿದೆ. ಕಾರ್ಡು ಜಾಸ್ತಿ ಆಯ್ತು."

ಅವಳ ಹುಬ್ಬು ಗಂಟಿಕ್ಕಿತು. ಇವಳು ಈಗ ಎದ್ದುಹೋದರೆ ಎಂದು ನನ್ನ ಕಣ್ಣು ಬಾಗಿಲ ಬಳಿಯ ಅವಳ ಚಪ್ಪಲಿಯ ಕಡೆ ಹೋಯಿತು. ಆದರೆ ಮಾತನ್ನು ನಾನು ವಾಪಸು ತಗೊಳ್ಳಲಿಲ್ಲ, ಟೀ ತರುತ್ತೇನೆಂದು ಏಳಲೂ ಇಲ್ಲ. ತಾಯಮ್ಮ ರಂಗಸ್ವಾಮಿಯ ಕಿವಿಯಿಂದ ಪೆನ್ಸಿಲ್ಲನ್ನು ಎಳೆದುಕೊಂಡು ಕಾರ್ಡಿನ ಮೂಲೆಯ ಸೊನ್ನೆಗೆ ಅಡ್ಡ ಗೀಟು ಹಾಕಿದಳು.

"ಯೋಳಿ ಅತ್ಲಾಗೆ," ಅಂದಳು ಆ ಪುಡಿಯಾದ ದನಿಯಲ್ಲಿ, "ಎಸ್ಟ್ ಬಿಂದ್ಗೆ ಮಾಡಾನ?"